ಮಗ್ಗ ನಿಂತ ದಿನದ ಪಗಾರ

ವೇದಿಕೆಯ ನಡುವಿನ ಕುರ್ಚಿಯೊಳಗ ಕುಂತಿರುವ ಸಭಾಧ್ಯಕ್ಷರಾದ ದಾದಾಸಾಹೇಬರೇ, ಅವರ ಬಾಜೂಕ ಹಾರ ಹಾಕ್ಕೊಂಡು ಕುಂತಿರುವ ಇವತ್ತಿನ ಸತ್ಕಾರಮೂರ್ತಿ, ನಮ್ಮ ಕಾರಖಾನಿ ಮಾಲಕರಾದ ಕಾಕಾಸಾಹೇಬರೇ, ಕಾರಖಾನಿ ಲೆಕ್ಕಪತ್ರ ನೋಡೋ, ಈ ಸಭಾದ ಓಡಾಟ ಎಲ್ಲಾ ಒಬ್ಬರ ಮಾಡಿರುವ ದಿವಾಣಜಿಯವರೇ, ಮುಂದ ಜಮಖಾನಿ ಮ್ಯಾಲೆ ಕುಂತಿರುವ ಮಗ್ಗದ ಅಣ್ಣತಮ್ಮಂದಿರೇ, ಹಿಂದ ಗ್ವಾಡಿ ಹಿಡದು ನಿಂತಿರುವ ಅಕ್ಕತಂಗ್ಯಾರೇ, ಒಟ್ಟ ಇಚಲಕರಂಜಿ ಶಹಾಪುರದ ಸಮಸ್ತ ಸಭಿಕರೇ.

ನನಗ ಐದು ಮಿನಿಟ ಕೊಟ್ಟಾರ. ಬರೇ ಮಿನಿಟ ಅಲ್ರಿ, ಕಾಗದಾನೂ ಕೊಟ್ಟಾರ. ಈ ಸಾತಪ್ಪ ಏನು ಮಾತಾಡಬೇಕು ಅನ್ನೂದನ್ನ ದಿವಾಣಜಿಯವರು ಭಾಳ ಚಂದಾಗಿ ಮರಾಠಿಯೊಳಗ ಬರದು ಕೊಟ್ಟಾರ. ಅದನ್ನ ಕಿಸೇದಾಗ ಇಟ್ಟೀನಿ. ಕಾಕಾಸಾಹೇಬರು ಮನ್ಯಾಗ ಕನ್ನಡಾನ ಮಾತಾಡ್ತಾರ, ಅಧ್ಯಕ್ಷರಿಗೂ ತಿಳೀತೈತಿ, ನಮ್ಮ ಅರ್ಧಾ ಮಂದಿ ಗಡಹಿಂಗ್ಲಜ ಕಡೆಯವರು. ಉಳದವರು ಆರು ವರ್ಷದಿಂದ ನನ್ನ ಬೈಗಳಾ ಕನ್ನಡದಾಗ ಕೇಳ್ಯಾರ, ಭಾಷಣಾನೂ ಕೇಳ್ತಾರ.

ಸಂಕ್ರಾಂತಿ ಮುಗದು ಎರಡು ದಿವಸ ಆತು. ಬಾಗಿಲದಾಗ ಕೈಯಾಗ ಎಳ್ಳುಬೆಲ್ಲ ಹಾಕಿ, "ತಿಳಗೂಳ ಘ್ಯಾ, ಗೋಡ ಬೋಲಾ" ಅಂದ್ರು. ತಿಂದೇನಿ. ಸವಿ ಮಾತಾಡ್ತೇನಿ ಅಂತ ಮಾತು ಕೊಟ್ಟಿಲ್ಲ.

ಇವತ್ತ ಯಾಕ ಕೂಡೇವಿ? ಎಲ್ಲಾರಿಗೂ ಗೊತ್ತೈತಿ. ಇಚಲಕರಂಜಿಯೊಳಗ ಎಷ್ಟ ಮಗ್ಗದ ಕಾರಖಾನಿ ಅದಾವೋ ಏನೋ, ಮಗ್ಗ ನಿಂತ ದಿವಸಾನೂ ಪಗಾರ ಕೊಡೋ ಕಾರಖಾನಿ ನಾ ಕಂಡದ್ದು ಇದೊಂದ. ನೂಲಿನ ಸೂತ ಬರಲಿಲ್ಲ ಅಂದ್ರೂ, ಲೈಟ್ ಹೋತು ಅಂದ್ರೂ, ಮಗ್ಗದ ಮುಂದ ಬಂದು ಕುಂತಂವಗ ದಿನಕ್ಕ ಎರಡು ರೂಪಾಯಿ. ಅದಕ್ಕ ಇವತ್ತಿಗೆ ಒಂದು ವರ್ಷ ತುಂಬಿತು. ಅದಕ್ಕ ಕಾಕಾಸಾಹೇಬರ ಸತ್ಕಾರ. ನನ್ನ ಭಾಷಣ ಮುಗದ ಮ್ಯಾಲೆ ಅವರು ಎರಡನೇ ವರ್ಷದ ಕಾಗದಕ್ಕ ಸಹಿ ಮಾಡ್ತಾರ. ಅಲ್ಲಿ ಮೇಜಿನ ಮ್ಯಾಲೆ ಐತಿ, ಹಳದಿ ಕುಂಕುಮ ಹಚ್ಚಿ ಇಟ್ಟಾರ. ನನ್ನ ಸಹಿ ಮುಂಜಾನೇನ ಆಗೇತಿ.

ಒಂದು ಮಜಾ ಹೇಳ್ಲ್ಯಾ? ಈ ಸಭಾದ ಸಲುವಾಗಿ ಇವತ್ತ ಮಗ್ಗ ನಿಂತಾವ. ಅಂದ್ರ ಇವತ್ತಿಂದೂ ಎರಡು ರೂಪಾಯಿ ಬರ್ತಾವ. ಪಾರೀಸಣ್ಣಾ, ನೀ ಕಣ್ಣು ಮುಚ್ಚಿ ಕುಂತೀಯಲ್ಲ, ನಿದ್ದಿ ಮಾಡು, ಏನೂ ಕಡಿಮಿ ಆಗೂದಿಲ್ಲ. ಸಾತಪ್ಪನ ಭಾಷಣ ಕೇಳಿದ್ದಕ್ಕ ಪಗಾರ ಸಿಗೋದು ಜಗತ್ತಿನ್ಯಾಗ ಇದ ಮೊದಲ.

ನಗರಿ, ನಗರಿ. ನಕ್ಕಾದ ಮ್ಯಾಲೆ ಕೇಳ್ರಿ.

ಗಳಿಕಿ ಅಂದ್ರ ಏನ್ರಿ? ನಾ ಹತ್ತನೇತ್ತ ಕಲತಂವ, ಮ್ಯಾಟ್ರಿಕ್ಕಿಗೆ ಕುಂತಂವ ಅಲ್ಲ. ನನಗ ಕಂಡಷ್ಟ ಹೇಳ್ತೇನಿ. ಒಂದು ಗಳಿಕಿ ಮಲಗಿದಾಗ ಬರ್ತೈತಿ. ಕಾಕಾಸಾಹೇಬರ ಚಾಳಿನ ಭಾಡಿಗಿ ಹಂಗ ಬರ್ತೈತಿ, ಕೊರೋಚಿಯೊಳಗಿನ ಕಬ್ಬು ಹಂಗ ಬೆಳೀತೈತಿ, ಕೊಟ್ಟ ರೊಕ್ಕದ ಬಡ್ಡಿ ಹಂಗ ಬೆಳೀತೈತಿ. ತಪ್ಪು ಅನ್ನಾಕತ್ತಿಲ್ಲ. ಅವರ ಮುತ್ಯಾ ಗಳಿಸಿದ್ದು. ಇನ್ನೊಂದು ಗಳಿಕಿ ನೇದ ಬಟ್ಟಿ ಮೀಟರಿನ ಲೆಕ್ಕದಾಗ ಬರ್ತೈತಿ. ಅದು ನಮ್ಮದು. ಲಾಳಿ ಓಡಿದರ ಐತಿ, ನಿಂತರ ಇಲ್ಲ. ಮೂರನೇದು ದಿವಾಣಜಿಯವರದು, ಮಹಿನೇವಾರಿ. ಅವರಿಗೆ ನೆಗಡಿ ಬಂದ್ರೂ ಬರ್ತೈತಿ. ನಗಬ್ಯಾಡ್ರಿ, ಅವರಿಗೆ ಖರೇನ ನೆಗಡಿ ಆಗೇತಿ.

ನಾಲ್ಕನೇದು ಒಂದೈತಿ. ಅದು ಹಳ್ಳ್ಯಾಗಿನದು. ನಮ್ಮ ಊರು ಗಡಹಿಂಗ್ಲಜದ ಕಡೆ. ನಮ್ಮ ಮುತ್ಯಾ ಬಸವಣ್ಣೆಪ್ಪಗ ನಾಲ್ಕು ಎಕರೆ ಹೊಲ ಇತ್ತು. ಸುಗ್ಗ್ಯಾಗ ರಾಶಿ ಆದ ಮ್ಯಾಲೆ ಕಣದಾಗ ಆಯ ಕೊಡ್ತಿದ್ದ. ಊರ ಬಡಿಗ್ಯಾರ ಮಾಯಪ್ಪ ಬರ್ತಿದ್ದ. ಆ ವರ್ಷ ನಮ್ಮ ರಂಟಿ ಮುರದಿರಲಿ, ಮುರೀದ ಇರಲಿ, ಅಂವಗ ಅಳದು ಜ್ವಾಳ. ಯಾಕಂದ್ರ ರಂಟಿ ಮುರೀದ ಇದ್ದ ವರ್ಷಾನೂ ಬಡಿಗ್ಯಾನ ಮನ್ಯಾಗ ರೊಟ್ಟಿ ಬೇಕಲ್ಲ. ಈಗ ನಾವು ಹಾರ ಹಾಕಿ ಸತ್ಕಾರ ಮಾಡಾಕತ್ತೇವಲ್ಲ, ಆ ಪದ್ಧತಿ ನಮ್ಮ ಕಣದಾಗ ಯಾವಾಗಲೋ ಇತ್ತು. ಯಾರೂ ನಮ್ಮ ಮುತ್ಯಾಗ ಹಾರ ಹಾಕಲಿಲ್ಲ.

ಮಾಯಪ್ಪಗ ಅಳದು ಆದ ಮ್ಯಾಲೆ ಅವನ ಹೇಣತಿ ಚನ್ನವ್ವ ಮುಂದ ಬರ್ತಿದ್ಲು. ಆಕೀಗೆ ಕಾಳು ಕೇರೋ ಮರ ಒಂದು ತುಂಬ ಬ್ಯಾರೆ. ನಾ ಸಣ್ಣಂವಿದ್ದಾಗ ಮುತ್ಯಾನ ಕೇಳಿದ್ದೆ, ಒಂದ ಮನಿಗೆ ಹೋಗೂದು, ಒಂದ ಚೀಲದಾಗ ಯಾಕ ಹಾಕಬಾರದು ಅಂತ. ಮುತ್ಯಾ ಅಂದ, "ಆಯ ಅವಂದು, ಮರ ಆಕೀದು. ಮನಿ ಒಂದಾದ್ರ ಕೈ ಒಂದಾಗ್ತಾವೇನೋ?"

ಇದನ್ನ ಕೇಳಿ, ತಿಳಕೊಂಡು, ದೊಡ್ಡಂವಾದಂವ ನಾ. ನಾ ಏನು ಮಾಡಿದೆ? ಅದನ್ನ ಹೇಳಾಕ ನಿಂತೇನಿ.

ದಿವಾಣಜಿಯವರ ಕಾಗದದಾಗ ಬರದೈತಿ, ಗರೀಬಿಯಿಂದ ಶಾಳಾ ಬಿಟ್ಟ ಹುಡುಗ ಅಂತ. ಸುಳ್ಳು. ಗರೀಬಿ ಇತ್ತು, ಆದ್ರ ಶಾಳಾ ಬಿಡಿಸಿದ್ದು ಗರೀಬಿ ಅಲ್ಲ. ಅಪ್ಪ ತೀರಿದ ಮ್ಯಾಲೆ ಹೊಲ ಅಪ್ಪನ ತಮ್ಮಂದಿರ ಕಡೆ ಹೋತು. ನಮ್ಮವ್ವ ಯಮುನವ್ವ ನನ್ನ ಕರಕೊಂಡು ಶಹಾಪುರಕ್ಕ ಬಂದ್ಲು. ಯಾಕ ಬಂದ್ಲು? ನನ್ನ ಹನ್ನೊಂದನೇತ್ತ, ಅಕರಾವಿ ಮುಗಸಾಕ. ಮ್ಯಾಟ್ರಿಕ್ ಪಾಸಾದ್ರ ಕೊಲ್ಲಾಪುರದಾಗ ಕಚೇರಿ ನೌಕರಿ, ಮಹಿನೇವಾರಿ, ಇಷ್ಟ ಆಕೀ ತಲಿಯೊಳಗ. ಇದ ಕಾರಖಾನ್ಯಾಗ ಕಾಂಡಿ ತುಂಬಾಕ ಕುಂತ್ಲು. ಲಾಳಿಯೊಳಗ ಹಾಕೋ ನೂಲಿನ ಕಾಂಡಿ, ನೂರಕ್ಕ ಇಷ್ಟ ಪೈಸೆ ಅಂತ. ಆ ರೊಕ್ಕದಿಂದ ನನ್ನ ಫೀ ಕೊಟ್ಲು. ಫೀ ಕೊಟ್ಟಾದ ಮ್ಯಾಲೆ ನಾ ಶಾಳಾ ಬಿಟ್ಟೆ. ಡಬ್ಬಿ ಕೊಡಾಕ ಬಂದಾಗೆಲ್ಲಾ ಮಗ್ಗದ ಮಂದಿನ ನೋಡ್ತಿದ್ದೆ, ವಾರದ ಪಗಾರ ಎಣಸಕೊಂಡು, ತಲಿಗೆ ಎಣ್ಣಿ ಹಚ್ಚಿಕೊಂಡು ಥೇಟರಕ್ಕ ಹೋಗ್ತಿದ್ರು. ನನಗ ಬೆಂಚಿನ ಮ್ಯಾಲೆ ಕುಂಡ್ರೂದು ಆಗಲಿಲ್ಲ. ಎಲ್ಲೂ ಕುಂಡ್ರೂದು ಆಗೂದಿಲ್ಲ ನನಗ. ಅವ್ವ ಎಂಟು ದಿವಸ ಮುಂಜಾನೆ ನನ್ನ ಪುಸ್ತಕದ ಚೀಲ ತಂದು ಬಾಗಿಲದಾಗ ಇಟ್ಲು. ಒಂಬತ್ತನೇ ದಿವಸ, "ಹೋಗ್ಲಿ ಬಿಡು, ಇಬ್ಬರೂ ಒಂದ ಕಡೆ ದುಡದಂಗ ಆತು" ಅಂದ್ಲು.

ಒಂದ ಕಡೆ. ಅಲ್ಲೇ ಐತಿ ನೋಡ್ರಿ ಕುಣಿ.

ನಮ್ಮ ಕಾರಖಾನ್ಯಾಗ ಒಂದು ಪದ್ಧತಿ ಐತಿ. ಹಾಜರಿ ಪುಸ್ತಕದಾಗ ಕಾಂಡಿ ತುಂಬೋ ಹೆಂಗಸರ ಹೆಸರು ಬರ್ಯಾಂಗಿಲ್ಲ. ಆಕಿ ಯಾರ ಮನಿಯಾಕಿ, ಯಾರು ಕರಕೊಂಡು ಬಂದ್ರು, ಅವರ ಹೆಸರಿನ ಮುಂದ ಆಕಿ ಕಾಂಡಿ ಬರೀತಾರ. ಸಾತಪ್ಪ, ಮೀಟರ ಇಷ್ಟು, ಕಾಂಡಿ ಇಷ್ಟು. ಪಗಾರಾನೂ ಕೂಡಿಸಿ ಸಾತಪ್ಪನ ಕೈಯಾಗ. ಯಾರು ಶುರು ಮಾಡಿದ್ರೋ ಗೊತ್ತಿಲ್ಲ, ಯಾರಿಗೂ ತಪ್ಪು ಅನಿಸಿದ್ದಿಲ್ಲ. ನಾ ಮನಿಗೆ ಹೋಗಿ ಅವ್ವನ ಪಾಲು ಆಕೀ ಕೈಯಾಗ ಕೊಡ್ತಿದ್ದೆ. ಎಲ್ಲಾ ವಾರಾನೂ ಪೂರಾ ಕೊಡ್ತಿದ್ದೆ ಅಂತ ಆಣಿ ಮಾಡೂದಿಲ್ಲ.

ಈಗ ಹೋದ ವರ್ಷದ ಹಿಂದಿನ ವರ್ಷಕ್ಕ ಬರ್ರಿ. ಡಿಸೆಂಬರದಾಗ ಕೊಯ್ನಾ ಭೂಕಂಪ ಆತು. ನಿಮಗೆಲ್ಲಾ ನೆನಪೈತಿ, ಪಾರೀಸಣ್ಣ ಬರೇ ಟವೆಲ್ ಮ್ಯಾಲೆ ರಸ್ತಾಕ್ಕ ಓಡಿ ಬಂದಿದ್ದ. ಲೈಟ್ ಹೋತು, ಮಗ್ಗ ನಿಂತು. ಒಂದು ದಿವಸ, ಎರಡು ದಿವಸ, ವಾರ. ಮೀಟರ ಇಲ್ಲ ಅಂದ ಮ್ಯಾಲೆ ಪಗಾರ ಎಲ್ಲೀದು? ಕಾರಖಾನಿ ಹಿಂದಿನ ಬೇವಿನ ಗಿಡದ ಕೆಳಗ ಕುಂತು ಎಲ್ಲಾರೂ ನನ್ನ ಮುಂದ ಮಾಡಿದ್ರು. ಯಾಕ? ನನಗ ಬರ್ಯಾಕ ಬರ್ತಿತ್ತು. ನಾ ಬರದೆ. ಮಗ್ಗ ನಿಂತರೂ ಮನಷಾನ ಹೊಟ್ಟಿ ನಿಲ್ಲೂದಿಲ್ಲ, ದಿನಕ್ಕ ಎರಡು ರೂಪಾಯಿ ಖಾತ್ರಿ ಬೇಕು, ಇಲ್ಲಾಂದ್ರ ಲೈಟ್ ಬಂದ್ರೂ ಮಗ್ಗ ಹಚ್ಚಾಂಗಿಲ್ಲ. ಲೈಟ್ ಬಂತು. ನಾವು ಹಚ್ಚಲಿಲ್ಲ. ಐದು ದಿವಸ ಆದ ಮ್ಯಾಲೆ ಕಾಕಾಸಾಹೇಬರು ನನ್ನ ಒಳಗ ಕರದು, ಚಾ ತರಿಸಿ, ಆತು ಅಂದ್ರು. ಯಾರ ಯಾರಿಗೆ ಅನ್ನೂದು ಪಟ್ಟಿ ಮಾಡಿಕೊಂಡು ಬಾ ಅಂದ್ರು.

ಹಾಜರಿ ಪುಸ್ತಕ ಮುಂದ ಇಟಗೊಂಡು ಪಟ್ಟಿ ಬರದೆ. ನಲವತ್ತಾರು ಹೆಸರು. ಕಸ ಹೊಡ್ಯಾಂವ ಇದ್ದ, ರಾತ್ರಿ ವಾಚಮನ್ ಇದ್ದ, ಗಠ್ಠಿ ಹೊರೋ ಹಮಾಲ ಇದ್ದ. ನನ್ನ ಅಕ್ಷರ ಚಲೋ ಅದಾವು, ಕೆಂಪು ಮಸಿಯಿಂದ ಗೀಟು ಹಾಕಿದೆ. ಕಾಕಾಸಾಹೇಬರು ನೋಡಿ ಕೇಳಿದ್ರು, "ಎಲ್ಲಾರೂ ಬಂದ್ರೇನೋ ಸಾತಪ್ಪ? ನಾಳೆ ಇಂವ ಬಿಟ್ಟ, ಅಂವ ಬಿಟ್ಟ ಅಂತ ಬರಬಾರದು."

"ಎಲ್ಲಾರೂ ಬಂದಾರ್ರಿ" ಅಂದೆ.

ಕಾಕಾಸಾಹೇಬರೇ, ಹೌದಲ್ರಿ? ನೀವು ಕೇಳಿದ್ರಿ. ಕೇಳಲಿಲ್ಲ ಅಂತ ನಾ ಎಲ್ಲೂ ಹೇಳೂದಿಲ್ಲ.

ಹೊರಗ ಬಂದು ಪಟ್ಟಿ ಓದಿದೆ. ಮಂದಿ ನನ್ನ ಹೆಗಲ ಮ್ಯಾಲೆ ಹೊತಗೊಂಡ್ರು. ಹನ್ನೊಂದು ಮಂದಿ ಕಾಂಡಿ ಹೆಂಗಸರು ಬಾಗಿಲದಾಗ ನಿಂತಿದ್ರು, ತಲಿತುಂಬ ಹತ್ತಿ ಧೂಳ. ಅವರೂ ಚಪ್ಪಾಳಿ ಹೊಡದ್ರು. ನಮ್ಮವ್ವ ಎಲ್ಲಾರಿಗಿಂತ ಜೋರು ಹೊಡದ್ಲು. ಪಟ್ಟ್ಯಾಗ ಆಕಿ ಇಲ್ಲ ಅನ್ನೂದು ಆಕೀಗೆ ಹೊಳೀಲಿಲ್ಲ. ಖರೇ ಹೇಳ್ಬೇಕಂದ್ರ, ನನಗೂ ಹೊಳೀಲಿಲ್ಲ.

ಯಾವಾಗ ಹೊಳೀತು? ಹೋದ ಶ್ರಾವಣದಾಗ ಸೂತ ಬರೂದು ನಿಂತಾಗ. ಎಂಟು ದಿವಸ ಮಗ್ಗ ನಿಂತು. ನಾವು ಠರಾವಿನಂಗ ಬಂದು, ಮಗ್ಗದ ಮುಂದ ಕುಂತು, ತಂಬಾಕ ತಿಕ್ಕೊಂತ, ಎರಡೆರಡು ರೂಪಾಯಿ ಗಳಿಸಿದ್ವಿ. ಹೆಂಗಸರೂ ಬಂದ್ರು. ವಾಚಮನ್ ಗೇಟಿನ್ಯಾಗ ನಿಲ್ಲಿಸಿದ. ಸೂತ ಇಲ್ಲ, ಕಾಂಡಿ ಇಲ್ಲ, ಮನಿಗೆ ಹೋಗ್ರಿ ಅಂದ. ಪಗಾರದ ದಿವಸ ಅವ್ವ ದಿವಾಣಜಿಯವರ ಮುಂದ ಹೋಗಿ ನಿಂತು ತನ್ನ ಎರಡೆರಡು ರೂಪಾಯಿ ಕೇಳಿದ್ಲು. ದಿವಾಣಜಿಯವರು ಬೈಲಿಲ್ಲ, ಜಬರಸಲಿಲ್ಲ. ಪಟ್ಟಿ ತಗದು ಆಕೀ ಮುಂದ ಹಿಡದು, "ನೋಡವ್ವಾ, ನಿನ್ನ ಮಗಂದ ಅಕ್ಷರ ಐತಿ" ಅಂದ್ರು. ಆಕೀಗೆ ಓದಾಕ ಬರೂದಿಲ್ಲ. ಆದ್ರ ನನ್ನ ಅಕ್ಷರ ಗುರತು ಸಿಗ್ತಾವ. ಕೆಂಪು ಗೀಟು ಹಾಕೋದು ನಾ ಮೂರನೇತ್ತಿನಿಂದ.

ಮನಿಗೆ ಬಂದು ರೊಟ್ಟಿ ಬಡಕೋತ ಕೇಳಿದ್ಲು, ದನಿ ಏರಸಲಿಲ್ಲ. "ನನ್ನ ಹೆಸರು ಬರ್ಯಾಕ ಮರತ್ಯೋ, ಬರ್ಯೂದು ಬ್ಯಾಡ ಅನಸ್ತೋ?"

ಸಭಿಕರೇ, ಇದಕ್ಕ ಏನು ಉತ್ತರ? ಮರತೆ ಅನ್ಲ್ಯಾ? ದಿನಾ ಒಂದ ಡಬ್ಬಿಯೊಳಗಿಂದ ಉಣ್ಣಾಕಿನ್ನ ಮರೀತಾರೇನು? ಬ್ಯಾಡ ಅನಸ್ತು ಅನ್ಲ್ಯಾ? ಅದೂ ಸುಳ್ಳು. ಕಾಂಡಿ ರೊಕ್ಕ ಅಂದ್ರ ಪಗಾರ ಅಂತ ನನ್ನ ತಲ್ಯಾಗ ಇರಲೇ ಇಲ್ಲ. ನಮ್ಮ ದುಡ್ಡಿನ ಮ್ಯಾಲೆ ಉದುರಿದ ಪುಡಿ ಅಂತ ಇತ್ತು. ಆ ಪುಡಿಯಿಂದ ನನ್ನ ಫೀ ತುಂಬಿದ್ದು.

ತಪ್ಪು ಮಾಡಿ ಸಿಕ್ಕಂವ ಏನು ಮಾಡ್ತಾನ? ಸಿಟ್ಟಿಗೇಳ್ತಾನ. ನಾ ಸಿಟ್ಟಿಗೆದ್ದೆ. ನನ್ನ ಎರಡು ರೂಪಾಯಿ ನಿಂದು ಅಲ್ಲೇನು, ಪೂರಾ ತಗೋ ಅಂತ ಒಗದೆ. ಅವ್ವ ಹೆಕ್ಕಿ ಗ್ವಾಡಿ ಮಾಡದಾಗ ಇಟ್ಲು. "ನೀ ಕೊಡೂದು ಬ್ಯಾರೆ, ನಂದು ಬ್ಯಾರೆ" ಅಂದ್ಲು. ಮುತ್ಯಾನ ಸೊಸಿ ನೋಡ್ರಿ ಆಕಿ.

ಮರದಿವಸದಿಂದ ಬಾಜೂ ಊರು ಕೊರೋಚಿಗೆ ಹೋಗಾಕತ್ಲು, ಬ್ಯಾರೆ ಕಾರಖಾನಿಗೆ. ನಡಕೊಂತ ಹೋಗಿ ನಡಕೊಂತ ಬರೂದು. ಅಲ್ಲಿ ಖಾತ್ರಿ ಗೀತ್ರಿ ಏನೂ ಇಲ್ಲ. ಒಳಗ ಕಾಲಿಡೂಕಿಂತ ಮೊದಲ ಅಲ್ಲೀ ಮೇಸ್ತ್ರಿಗೆ ಒಂದ ಮಾತು ಕೇಳಿದ್ಲಂತ, ಹಾಜರ್ಯಾಗ ನನ್ನ ಹೆಸರು ಬರೀತೀರೇನು ಅಂತ. ಅಂವ ನಕ್ಕು ಬರದನಂತ.

ನಮ್ಮವ್ವಗ ನಾ ಇದ್ದೆ. ಆ ಹನ್ನೊಂದರಾಗಿನ ಇನ್ನೊಬ್ಬಾಕಿ ಮಾಯವ್ವಗ ಯಾರಿದ್ರು? ಗಂಡಿಲ್ಲ, ಮಗ ಇಲ್ಲ. ಬಾಜೂ ಮನಿಯಾಕಿ ಅಂತ ಆಕೀ ಕಾಂಡಿ ಪಾರೀಸಣ್ಣನ ಹೆಸರಿನ ಮುಂದ ಬರೀತಿದ್ರು. ಆ ಎಂಟು ದಿವಸದಾಗ ಆಕಿ ಭಾಂಡೆ ಮಾರಿ, ಮುರಗೂಡಕ್ಕ ಅಣ್ಣನ ಮನಿಗೆ ಹೋದ್ಲು. ಅಣ್ಣನ ಹೇಣತಿ ಕೈಯಾಗಿನ ಅನ್ನ ಎಂಥಾದ್ದು ಅನ್ನೂದು ಹಿಂದ ನಿಂತವರಿಗೆ ಹೇಳೂದು ಬ್ಯಾಡ. ಆಕೀ ಜಾಗಾಕ್ಕ ಹೊಸಾಕಿ ಬಂದಾಳ, ಅವ್ವನ ಜಾಗಾಕ್ಕೂ ಬಂದಾಳ. ಹನ್ನೊಂದು ಹನ್ನೊಂದ ಉಳದಾವ.

ಅಧ್ಯಕ್ಷರೇ, ಐದು ಮಿನಿಟ ಯಾವಾಗೋ ಮುಗದ್ವು, ಗೊತ್ತೈತಿ. ಮಗ್ಗ ನಿಂತಾವಲ್ರಿ, ಯಾರಿಗೆ ಏನು ಲುಕ್ಸಾನ?

ಈ ವರ್ಷದ ಕಾಗದ ಮಾಡೂ ಹೊತ್ತಿಗೆ ನಾ ಕಾಕಾಸಾಹೇಬರ ಮುಂದ ಹೋಗಿ ಹೆಂಗಸರ ಮಾತು ತಗದೆ. ಅವರು ಇಲ್ಲ ಅನ್ನಲಿಲ್ಲ. ಅವರು ಎಂದೂ ಇಲ್ಲ ಅನ್ನೂದಿಲ್ಲ. "ಸಾತಪ್ಪ, ಮಗ್ಗ ನಿಂತರ ದಿನಕ್ಕ ತೊಂಬತ್ತೆರಡು ರೂಪಾಯಿ ನನ್ನ ಕೈಯಿಂದ ಹೋಗ್ತಾವ. ಅದಕ್ಕಿಂತ ನನಗ ಆಗೂದಿಲ್ಲ. ನಲವತ್ತಾರು ಮಂದಿ ಹಂಚಿಕೊಂಡ್ರ ಎರಡು ರೂಪಾಯಿ. ಐವತ್ತೇಳು ಮಂದಿ ಹಂಚಿಕೊಂಡ್ರ ಒಂದು ರೂಪಾಯಿ ಅರವತ್ತು ಪೈಸೆ. ನಂದೇನೈತಿ, ನಿಮ್ಮ ಮಂದಿನ್ನ ಕೇಳು." ಇಷ್ಟಂದು ಇನ್ನೊಂದು ಮಾತಂದ್ರು. ಜಾಬರನ ಜಾಗಾ ಖಾಲಿ ಐತಿ, ಮಗ್ಗ ರಿಪೇರಿ ನಿನಗ ಚಲೋ ಬರ್ತೈತಿ, ತಿಂಗಳಿಗೆ ನೂರಾ ಐವತ್ತು, ಮಗ್ಗ ಓಡಲಿ ನಿಲ್ಲಲಿ.

ನಿನ್ನೆ ಸಂಜಿಮುಂದ ಅದ ಬೇವಿನ ಗಿಡದ ಕೆಳಗ ನಿಮ್ಮನ್ನ ಕೂಡಿಸಿದೆ. ಲೆಕ್ಕ ಹೇಳಿದೆ. ಒಬ್ಬೊಬ್ಬಂದು ನಲವತ್ತು ಪೈಸೆ ಕಡಿಮಿ ಆಗ್ತೈತಿ, ಅದೂ ಮಗ್ಗ ನಿಂತ ದಿವಸ ಅಷ್ಟ. ಈ ಮುಗದ ವರ್ಷದಾಗ ಎಷ್ಟು ದಿವಸ ನಿಂತಾವ? ಹತ್ತೊಂಬತ್ತು. ಅಂದ್ರ ವರ್ಷಕ್ಕ ಏಳು ರೂಪಾಯಿ ಅರವತ್ತು ಪೈಸೆ. ಪಾರೀಸಣ್ಣ ಎದ್ದ, "ಇವತ್ತ ನಲವತ್ತು ಪೈಸೆ, ನಾಳೆ ಅವರ ಮಕ್ಕಳಿಗೆ ಕೊಡ್ರಿ ಅಂತೀರಿ. ಹೆಂಗಸರು ಎಲ್ಲೀಯವರು? ನಮ್ಮ ಮನ್ಯಾಗಿನವರ ಅಲ್ಲೇನು? ನಮಗ ಬಂದ್ರ ಅವರಿಗೆ ಬಂದಂಗ" ಅಂದ. ಎಲ್ಲಾರೂ ಹೌದು ಹೌದು ಅಂದ್ರಿ. ಮಾಯವ್ವ ಯಾರ ಮನ್ಯಾಗಿನಾಕಿ ಅಂತ ಯಾರೂ ಕೇಳಲಿಲ್ಲ.

ಕೊಡೂಣು ಅನ್ನವರು ಕೈ ಎತ್ರಿ ಅಂದೆ. ಎಷ್ಟು ಕೈ ಎದ್ದು? ಒಂದೂ ಇಲ್ಲ. ಪಾರೀಸಣ್ಣಂದು ಎದ್ದಿಲ್ಲ, ಜಿನಗೊಂಡಂದು ಎದ್ದಿಲ್ಲ. ಸಾತಪ್ಪಂದು? ಸಾತಪ್ಪಂದೂ ಎದ್ದಿಲ್ಲ. ಎಣಿಸೂಂವ ಎತ್ತಬಾರದು ಅಂತ ನನಗ ನಾನ ಹೇಳಿಕೊಂಡೆ. ಮುಂಜಾನೆ ಹತ್ತಕ್ಕ ಎರಡು ಕಾಗದಕ್ಕ ಸಹಿ ಮಾಡಿದೆ. ಒಂದು ನಿಮ್ಮದು, ನಲವತ್ತಾರು ಹೆಸರಿಂದು. ಇನ್ನೊಂದು ನಂದು, ಜಾಬರಂದು.

ಸಹಿ ಮಾಡೂಕಿಂತ ಮೊದಲ ಅವ್ವಗ ಹೇಳಿದ್ದೆ. ಸಭಾಕ್ಕ ಬಾ, ನನಗೂ ಸತ್ಕಾರ ಐತಿ, ನಿನ್ನ ಮಗ ಮಹಿನೇವಾರಿ ಆದ, ನೀ ಬಯಸಿದ್ದ ಅಲ್ಲೇನು ಅಂದೆ. ಆಕಿ ರೊಟ್ಟಿ ಗಂಟು ಕಟ್ಟಿಕೊಳ್ಳಾಕತ್ತಿದ್ಲು. ಸಿಟ್ಟಿಲ್ಲ, ಕೊಂಕಿಲ್ಲ, ಖರೇನ ಕೇಳಿದ್ಲು.

"ಬಂದ್ರ ನನಗ ಇವತ್ತಿಂದು ಯಾರು ಕೊಡ್ತಾರೋ?"

ಚಪ್ಪಲ ಮೆಟ್ಟಿಕೊಂಡು ಕೊರೋಚಿ ಹಾದಿ ಹಿಡದ್ಲು.

ಕಾಕಾಸಾಹೇಬರ ಸಹಿ ಇನ್ನೂ ಆಗಿಲ್ಲ. ಪೆನ್ನು ಅಲ್ಲೇ ಐತಿ. ಅದಕ್ಕ ಇನ್ನೊಮ್ಮೆ ಕೇಳ್ತೇನಿ, ಗಿಡದ ಕೆಳಗ ಅಲ್ಲ, ಇಲ್ಲಿ, ಹಿಂದ ಹೆಂಗಸರು ನಿಂತು ನೋಡೂ ಮುಂದ. ಹನ್ನೊಂದು ಹೆಸರು ಸೇರಸೂಣು, ಎಲ್ಲಾರಿಗೂ ಒಂದು ಅರವತ್ತು ಆಗಲಿ ಅನ್ನವರು ಕೈ ಎತ್ರಿ.

ಚಪ್ಪಾಳಿ ಬ್ಯಾಡ್ರಿ. ಕೈ ಎತ್ರಿ ಅಂದೆ.

ಹಿಂದ ನಿಂತವರು ಎತ್ತಬ್ಯಾಡ್ರಿ, ಅಕ್ಕಾ, ಕೆಳಗ ಇಳಸ್ರಿ. ನಿಮ್ಮ ಹೆಸರು ಪಟ್ಟ್ಯಾಗ ಇಲ್ಲ, ನಿಮ್ಮ ಕೈ ಲೆಕ್ಕಕ್ಕ ಬರೂದಿಲ್ಲ. ಅದು ನಾ ಮಾಡಿಟ್ಟದ್ದು.

ಮುಂದಿನವರು. ವಾಚಮನ್ ಒಂದು. ಜಿನಗೊಂಡಾ, ನಿಂದು ಎತ್ತಿದ್ದೋ, ತಲಿ ತುರಿಸಿಕೊಳ್ಳಾಕೋ? ಎತ್ತಿದ್ದಾ? ಎರಡು. ಇನ್ನ ಯಾರು? ಪಾರೀಸಣ್ಣಾ, ಈಗ ಖರೇನ ನಿದ್ದಿ ಹತ್ತಿತೇನು?

ನಂದು ಎತ್ತೇನಿ, ಎಲ್ಲಾರಿಗೂ ಕಾಣಸ್ತೈತಿ. ಹಿಂದಿನವರು ಚಪ್ಪಾಳಿ ಹೊಡ್ಯಾಕತ್ತೀರಿ, ನಿಲ್ಲಸ್ರಿ. ನನ್ನ ಕೈ ಎಣಿಸಬ್ಯಾಡ್ರಿ ದಿವಾಣಜಿಯವರೇ. ಮುಂಜಾನೆ ಹತ್ತರಿಂದ ನಾ ಮಹಿನೇವಾರಿ. ಒಂದು ಅರವತ್ತು ಆದ್ರೂ ನನ್ನ ಕಿಸೇದಿಂದ ಒಂದು ಪೈಸಾ ಹೋಗೂದಿಲ್ಲ. ಖರ್ಚಿದ್ದಾಗ ಎತ್ತದ ಕೈ, ಖರ್ಚಿಲ್ಲದಾಗ ಎಷ್ಟ ಎತ್ತರ ಎತ್ತಿದ್ರೂ ಅಷ್ಟ.

ಎರಡು ಬರಕೋರಿ. ನಲವತ್ತಾರರಾಗ ಎರಡು.

ಕಾಕಾಸಾಹೇಬರೇ, ಸಹಿ ಮಾಡ್ರಿ. ನಿಮ್ಮಿಂದ ಏನೂ ತಪ್ಪಾಗಿಲ್ಲ. ಅಧ್ಯಕ್ಷರಿಗೆ, ಜಮಖಾನಿ ಮ್ಯಾಲೆ ಕುಂತವರಿಗೆ, ಕುಂಡ್ರಾಕ ಜಾಗಾ ಇಲ್ಲದ ನಿಂತು ಕೇಳಿದವರಿಗೆ ನನ್ನ ಆಭಾರ. ಈ ನಾಕು ಮಾತು ಮುಗಸೇನಿ, ನಮಸ್ಕಾರ.